ತೆರಿಗೆಗೆ ದಲಾಲಿ ಕೇಳಬೇಡಿ

ಕಡೂರು, ತರೀಕೆರೆ, ಅಜ್ಜಂಪುರದ ತೆರಿಗೆ ಕಟ್ಟುವ ಬಂಧುಗಳೇ, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಅಡಿಕೆ ಮಂಡಿ ನಡೆಸುವವರಿಗೆ, ನರ್ಸಿಂಗ್ ಹೋಂ ಇಟ್ಟ ವೈದ್ಯರಿಗೆ, ಗುತ್ತಿಗೆದಾರರಿಗೆ, ಪೆಟ್ರೋಲ್ ಬಂಕಿನ ಮಾಲೀಕರಿಗೆ, ಬೆಂಗಳೂರಿನಲ್ಲಿ ದೊಡ್ಡ ಸಂಬಳಕ್ಕಿದ್ದು ಹಬ್ಬಕ್ಕೆ ಬೀರೂರು ಸ್ಟೇಷನ್ನಿನಲ್ಲಿ ಇಳಿಯುವ ನಮ್ಮ ಮಕ್ಕಳಿಗೆ, ಇವರೆಲ್ಲರ ಲೆಕ್ಕ ನೋಡುವ ಆಡಿಟರ್‌ಗಳಿಗೆ. ಆದಾಯ ತೆರಿಗೆಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ಪಾಯಿಂಟ್ ಗಳಿಸುವ ಚಾಳಿ ಮಹಾನಗರ ದಾಟಿ ನಮ್ಮ ಊರುಗಳಿಗೂ ಕಾಲಿಟ್ಟಿದೆ. ಅದನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತಿದ್ದೇನೆ.

ಮಾರ್ಚ್ 15 ಹತ್ತಿರವಾದಂತೆ ಈ ಮಾತು ಹೆಚ್ಚುತ್ತದೆ. ಅಡ್ವಾನ್ಸ್ ಟ್ಯಾಕ್ಸಿನ ನಾಲ್ಕು ಕಂತುಗಳಲ್ಲಿ ಅದು ಕೊನೆಯದು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಕಂತುಗಳನ್ನು ಸುಮ್ಮನೆ ಕಟ್ಟಿದವರಿಗೂ ಮಾರ್ಚ್‌ನಲ್ಲಿ ಯಾರಾದರೂ ಒಬ್ಬರು ಹೇಳಿಕೊಡುತ್ತಾರೆ: "ಖಾತೆಯಿಂದ ಯಾಕೆ ಕಟ್ತೀರಿ ಅಣ್ಣ, ಕಾರ್ಡಿನಲ್ಲಿ ಕಟ್ಟಿ. ಹೇಗೂ ಹೋಗೋ ದುಡ್ಡು. ಪಾಯಿಂಟಾದ್ರೂ ಬರುತ್ತೆ." ಹೇಗೂ ಹೋಗುವ ದುಡ್ಡು ಎಂಬ ಆ ಮಾತು ನನ್ನನ್ನು ಚುಚ್ಚುತ್ತದೆ. ಆ ಹಣ ಎಲ್ಲಿಗೆ ಹೋಗುತ್ತದೆ ಎಂಬ ಯೋಚನೆ ಅಷ್ಟಕ್ಕೇ ಮುಗಿದುಹೋಗುತ್ತದೆ.

ವ್ಯವಹಾರ ಹೀಗಿದೆ. ಇಲಾಖೆಯ ಜಾಲತಾಣದ ಇ-ಪೇ ಟ್ಯಾಕ್ಸ್‌ನಲ್ಲಿ ಪ್ಯಾನ್ ಹಾಕಿ ಚಲನ್ ತಯಾರಿಸಿದರೆ ಹಣ ಕಟ್ಟಲು ಹಲವು ದಾರಿಗಳಿವೆ. ನೆಟ್ ಬ್ಯಾಂಕಿಂಗ್ ಇದೆ, ಯುಪಿಐ ಇದೆ, ಚಲನ್ ಹಿಡಿದು ಬ್ಯಾಂಕಿನ ಕೌಂಟರಿಗೆ ಹೋಗುವ ಹಳೆಯ ದಾರಿಯೂ ಇದೆ. ಪೇಮೆಂಟ್ ಗೇಟ್‌ವೇ ಒತ್ತಿದರೆ ಕ್ರೆಡಿಟ್ ಕಾರ್ಡೂ ನಡೆಯುತ್ತದೆ, ಆದರೆ ಅದಕ್ಕೆ ಶುಲ್ಕ ಉಂಟು. ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ನೂರಕ್ಕೆ ಒಂದು ರೂಪಾಯಿಯ ಆಸುಪಾಸು ಎಂದಿಟ್ಟುಕೊಳ್ಳಿ. ಆ ಶುಲ್ಕದ ಮೇಲೆ ಮತ್ತೆ 18% ಜಿಎಸ್‌ಟಿ. ಒಂದು ಲಕ್ಷ ತೆರಿಗೆಗೆ ಸಾವಿರ ರೂಪಾಯಿಯಷ್ಟು ನಡುವಿನವರ ಪಾಲಾಗುತ್ತದೆ. ಸರ್ಕಾರಕ್ಕೆ ಅದರಿಂದ ಸಿಗುವುದು ಶುಲ್ಕದ ಮೇಲಿನ ಜಿಎಸ್‌ಟಿ ಮಾತ್ರ. ಸಾವಿರ ಕೊಟ್ಟು ಅದಕ್ಕಿಂತ ಹೆಚ್ಚು ಬೆಲೆಯ ಪಾಯಿಂಟ್ ಬಂದರೆ ಲಾಭ ಎಂಬುದು ಕಾರ್ಡಿನವರ ಲೆಕ್ಕ. ಅನೇಕ ಬ್ಯಾಂಕುಗಳು ಸರ್ಕಾರಿ ಪಾವತಿಗೆ ಪಾಯಿಂಟ್ ಕೊಡುವುದನ್ನು ನಿಲ್ಲಿಸಿದ ಮೇಲೂ ಇದು ನಿಂತಿಲ್ಲ. ತೆರಿಗೆಗೂ ಪಾಯಿಂಟ್ ಕೊಡುವ ವ್ಯಾಪಾರಿ ಕಾರ್ಡು ಯಾವುದು ಎಂದು ಹುಡುಕಿ ತರಿಸಿಕೊಳ್ಳುತ್ತಾರೆ.

ಇಲ್ಲಿಗೇ ನಿಂತಿದ್ದರೆ ನಾನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಸ್ವಂತ ತೆರಿಗೆ, ಸ್ವಂತ ಕಾರ್ಡು, ಶುಲ್ಕವೂ ಸ್ವಂತದ್ದು ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಆಸೆ ಅಲ್ಲಿಗೆ ನಿಲ್ಲುವುದಿಲ್ಲ. ಇ-ಪೇ ಟ್ಯಾಕ್ಸ್‌ನಲ್ಲಿ ಯಾರ ಪ್ಯಾನ್ ಹಾಕಿ ಯಾರು ಬೇಕಾದರೂ ಕಟ್ಟಬಹುದು. ಹಾಗಾಗಿ ಬೀಗರದ್ದು, ಸ್ನೇಹಿತರದ್ದು, ಪಕ್ಕದ ಅಂಗಡಿಯವರದ್ದು ಎಲ್ಲರ ತೆರಿಗೆಯನ್ನೂ ಒಂದೇ ಕಾರ್ಡಿನಲ್ಲಿ ಕಟ್ಟಿ, ಹಣವನ್ನು ಅವರಿಂದ ಖಾತೆಗೆ ಹಾಕಿಸಿಕೊಳ್ಳುವುದು ಶುರುವಾಗುತ್ತದೆ. ವರ್ಷದ ಖರ್ಚಿನ ಗುರಿ ಮುಟ್ಟಿದರೆ ಕಾರ್ಡಿನ ವಾರ್ಷಿಕ ಶುಲ್ಕ ಮಾಫಿ, ಜೊತೆಗೊಂದು ವೋಚರ್ ಸಿಗುತ್ತದಲ್ಲ, ಅದಕ್ಕೆ. ಒಂದು ಆರ್ಥಿಕ ವರ್ಷದಲ್ಲಿ ಕಾರ್ಡಿನ ಬಿಲ್ಲಿಗೆ ಕಟ್ಟಿದ್ದು 10 ಲಕ್ಷ ಮುಟ್ಟಿದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಲೇಬೇಕು. ಮುಂದೆ ನೋಟಿಸು ಬಂದಾಗ, ನನ್ನ ಖಾತೆಗೆ ಬಂದ ಹಣ ನನ್ನ ಆದಾಯವಲ್ಲ, ಬೀಗರ ತೆರಿಗೆ ಎಂದು ವಿವರಿಸುವ ಕಷ್ಟ ಯಾರಿಗೆ? ಪಾಯಿಂಟಿನಲ್ಲಿ ಸಿಗುವ ಒಂದು ವಿಮಾನದ ಟಿಕೆಟ್ಟಿನ ಆಸೆಗೆ ನೆಂಟಸ್ತನದ ನಡುವೆ ಲೆಕ್ಕದ ಜಗಳ ಬರುವಂತೆ ಮಾಡಿಕೊಳ್ಳುವುದೇಕೆ?

ಇನ್ನೊಂದು ಇದೆ. ಅದನ್ನು ಹೇಳಲೆಂದೇ ನಾನು ಈ ಬರಹಕ್ಕೆ ಕೂತದ್ದು.

ಕಟ್ಟಬೇಕಾದ್ದಕ್ಕಿಂತ ಬೇಕೆಂದೇ ಹೆಚ್ಚು ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವುದು. ಆಮೇಲೆ ರಿಟರ್ನ್ ಹಾಕಿ ಹೆಚ್ಚಿನದನ್ನು ರಿಫಂಡ್ ಪಡೆಯುವುದು. ಕಟ್ಟುವಾಗ ಪಾಯಿಂಟ್ ಬಂತು, ವಾಪಸ್ ಬರುವಾಗ ಬಡ್ಡಿಯೂ ಬಂತು. ಹೆಚ್ಚು ಕಟ್ಟಿದ ಅಡ್ವಾನ್ಸ್ ಟ್ಯಾಕ್ಸಿಗೆ, ರಿಟರ್ನ್ ಸಕಾಲಕ್ಕೆ ಹಾಕಿದ್ದರೆ, ಏಪ್ರಿಲ್ 1ರಿಂದ ರಿಫಂಡ್ ಕೊಡುವವರೆಗೆ ಸರ್ಕಾರ ತಿಂಗಳಿಗೆ 0.5% ಬಡ್ಡಿ ಕೊಡುತ್ತದೆ. ರಿಫಂಡ್ ಮೊತ್ತ ತೆರಿಗೆಯ 10%ಕ್ಕಿಂತ ಕಡಿಮೆ ಇದ್ದರೆ ಬಡ್ಡಿ ಇಲ್ಲ ಎಂಬ ನಿಯಮವಿದೆ. ಅದನ್ನು ತಿಳಿದುಕೊಂಡವರು ಅದಕ್ಕೂ ಮೀರಿ ಕಟ್ಟುತ್ತಾರೆ. ಯಾರಾದರೂ ಮಾರ್ಚ್‌ನಲ್ಲಿ 3 ಲಕ್ಷ ಹೆಚ್ಚುವರಿ ಕಟ್ಟಿ ಆಗಸ್ಟ್‌ನಲ್ಲಿ ರಿಫಂಡ್ ಪಡೆದರೆಂದು ಇಟ್ಟುಕೊಳ್ಳಿ. ಐದು ತಿಂಗಳ ಬಡ್ಡಿ 7,500 ರೂಪಾಯಿ. ಅದರ ಮೇಲೆ ಅವರು ತೆರಿಗೆ ಕಟ್ಟಬೇಕು, ನಿಜ. ಆದರೂ ಆ 7,500 ಬಂದದ್ದು ಸಾರ್ವಜನಿಕ ಬೊಕ್ಕಸದಿಂದ. ಲೆಕ್ಕದ ತಪ್ಪಿನಿಂದಲೋ, ವರ್ಷದ ಆದಾಯ ಅಂದುಕೊಂಡಷ್ಟು ಬಾರದೆಯೋ ಹೆಚ್ಚು ಕಟ್ಟಿದವರಿಗೆ ಅನ್ಯಾಯವಾಗಬಾರದೆಂದು ಇಟ್ಟ ಬಡ್ಡಿ ಅದು. ಅದನ್ನು ಪಾಯಿಂಟಿಗೆ ಅಂಟಿದ ಎರಡನೆಯ ಬಹುಮಾನ ಮಾಡಿಕೊಳ್ಳಲಾಗಿದೆ.

ಈಗ ಕಡೂರು ತಾಲ್ಲೂಕಿನ ಬಯಲು ಕಡೆಗೆ ನೋಡಿ. ಮಳೆ ನಂಬಿ ರಾಗಿ ಬಿತ್ತುವ ರೈತನಿಗೆ ಪಿಎಂ ಕಿಸಾನ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ಇಡೀ ವರ್ಷಕ್ಕೆ ಕೊಡುವುದು 6,000 ರೂಪಾಯಿ. ಅದೂ ಒಮ್ಮೆಗಲ್ಲ, 2,000ದ ಮೂರು ಕಂತು. ಆ ಕಂತು ಬಂತೇ ಎಂದು ನೋಡಲು ಪಾಸ್‌ಬುಕ್ ಹಿಡಿದು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತ ಅಜ್ಜನನ್ನು ನೀವೂ ಕಂಡಿದ್ದೀರಿ. ಇ-ಕೆವೈಸಿ ಆಗಿಲ್ಲ, ಆಧಾರ್ ಜೋಡಣೆಯಾಗಿಲ್ಲ ಎಂದು ವಾಪಸ್ಸು ಹೋದವರನ್ನೂ ಕಂಡಿದ್ದೀರಿ. ಒಂದೇ ಬೊಕ್ಕಸ ಒಂದು ಬಾಗಿಲಲ್ಲಿ ಆ ಅಜ್ಜನಿಗೆ ವರ್ಷಕ್ಕೆ 6,000 ಕೊಡಲು ಬೆರಳಚ್ಚು ಕೇಳುತ್ತದೆ. ಇನ್ನೊಂದು ಬಾಗಿಲಲ್ಲಿ, ಬೇಕೆಂದೇ ಹಣ ಇಟ್ಟು ಹೋದವರಿಗೆ ಐದೇ ತಿಂಗಳಿಗೆ 7,500 ಕೊಟ್ಟು ಕಳಿಸುತ್ತದೆ. ಕಾನೂನಿನಲ್ಲಿ ಇದಕ್ಕೆ ಶಿಕ್ಷೆಯಿಲ್ಲ. ಆದರೆ ಆ ಮೆಟ್ಟಿಲು ಹತ್ತಿ ಒಳಗೆ ಹೋಗುವಾಗ ಆ ಅಜ್ಜನ ಕಣ್ಣು ನೋಡಿ ಮಾತಾಡಲು ನಿಮಗೆ ಆಗಬೇಕಲ್ಲ?

ಪಾಯಿಂಟು ಆಕಾಶದಿಂದ ಉದುರುವುದಿಲ್ಲ. ಕಾರ್ಡು ಕೊಡುವವರಿಗೆ ಹಣ ಬರುವ ದೊಡ್ಡ ದಾರಿಗಳು ಎರಡು. ಒಂದು, ಅಂಗಡಿಯವರು ಪ್ರತಿ ಬಾರಿ ಕಾರ್ಡು ಉಜ್ಜಿದಾಗ ತೆರುವ ಶುಲ್ಕ. ಅಂಗಡಿಯವರು ಅದನ್ನು ಸಾಮಾನಿನ ಬೆಲೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಕಾರ್ಡೇ ಇಲ್ಲದೆ ನಗದು ಕೊಡುವವರೂ ಆ ಬೆಲೆಯನ್ನೇ ಕೊಡುತ್ತಾರೆ. ಅಮೆರಿಕದ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನೇ ಲೆಕ್ಕ ಹಾಕಿದರು. ನಗದು ಬಳಸುವ ಪ್ರತಿ ಮನೆಯಿಂದ ಸರಾಸರಿ ವರ್ಷಕ್ಕೆ 149 ಡಾಲರ್ ಹೊರಗೆ ಹೋಗುತ್ತದೆ, ಕಾರ್ಡು ಬಳಸುವ ಪ್ರತಿ ಮನೆಗೆ 1,133 ಡಾಲರ್ ಬರುತ್ತದೆ ಎಂದರು. ನಮ್ಮಲ್ಲಿ ಶುಲ್ಕವಿಲ್ಲದ ಯುಪಿಐ ಇರುವುದರಿಂದ ಲೆಕ್ಕ ಇಲ್ಲಿ ಬೇರೆ ಇದ್ದೀತು, ಆದರೆ ಹಣ ಹರಿಯುವ ದಿಕ್ಕು ಬೇರೆಯಲ್ಲ.

ಎರಡನೆಯದು ಬಡ್ಡಿ. ಇದರ ಬಗ್ಗೆ ನಾನು ಬಿಡಿಸಿ ಹೇಳಲೇಬೇಕು. ಕಾರ್ಡಿನ ಬಿಲ್ಲು ಪೂರ್ತಿ ಕಟ್ಟಲಾಗದೆ ಮಿನಿಮಮ್ ಡ್ಯೂ ಮಾತ್ರ ಕಟ್ಟುವವರ ಮೇಲೆ ತಿಂಗಳಿಗೆ ಮೂರೂವರೆ ಪರ್ಸೆಂಟಿನ ಆಸುಪಾಸು ಬಡ್ಡಿ ಬೀಳುತ್ತದೆ. ವರ್ಷಕ್ಕೆ 40 ಪರ್ಸೆಂಟ್ ದಾಟುತ್ತದೆ. ವರ್ಷಕ್ಕೆ 30%ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ಈಗ ಆ ತಡೆಯೂ ಇಲ್ಲ. ಮೊದಲ ಸಂಬಳದಲ್ಲೇ ಮೊಬೈಲು ಕೊಂಡ ಹುಡುಗ, ತಾಯಿಯ ಆಪರೇಷನ್ನಿಗೆ ಕಾರ್ಡು ಉಜ್ಜಿದ ಖಾಸಗಿ ಶಾಲೆಯ ಮೇಷ್ಟ್ರು, ಅಂಗಡಿಗೆ ಮಾಲು ತುಂಬಲು ಕಾರ್ಡಿನಿಂದ ನಗದು ಮಾಡಿಸಿಕೊಂಡ ಸಣ್ಣ ವ್ಯಾಪಾರಿ, ಇಂಥವರು ಕಟ್ಟುವ ಬಡ್ಡಿಯ ಒಂದು ಪಾಲು ನಿಮ್ಮ ಪಾಯಿಂಟಾಗಿ ಬರುತ್ತದೆ. ಬಿಲ್ಲನ್ನು ಒಂದು ದಿನವೂ ತಪ್ಪದೆ ಪೂರ್ತಿ ಕಟ್ಟುವ ನಿಮ್ಮಂಥವರಿಂದ ಬ್ಯಾಂಕಿಗೆ ಬಡ್ಡಿ ಸಿಗುವುದಿಲ್ಲ. ಬಹುಮಾನ ನಿಮಗೆ, ಅದರ ಬಿಲ್ಲು ಆ ಮೇಷ್ಟ್ರಿಗೆ.

ಬ್ರಿಟನ್ನಿನಲ್ಲಿ ಏನಾಯಿತು ನೋಡಿ. ಕಾರ್ಡಿನ ಶುಲ್ಕವನ್ನು ಗ್ರಾಹಕರಿಂದ ವಸೂಲು ಮಾಡಬಾರದೆಂಬ ಕಾನೂನು ಬಂದಾಗ ಅಲ್ಲಿನ ತೆರಿಗೆ ಇಲಾಖೆಗೆ ಎರಡೇ ದಾರಿ ಉಳಿಯಿತು. ಶುಲ್ಕವನ್ನು ಸಾರ್ವಜನಿಕ ಹಣದಿಂದ ಭರಿಸಬೇಕು, ಇಲ್ಲವೇ ಕಾರ್ಡನ್ನೇ ನಿಲ್ಲಿಸಬೇಕು. 2018ರ ಜನವರಿ 13ರಿಂದ ಅವರು ವೈಯಕ್ತಿಕ ಕ್ರೆಡಿಟ್ ಕಾರ್ಡುಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ನಮ್ಮಲ್ಲಿ ಶುಲ್ಕ ಕಟ್ಟುವವರ ಮೇಲೆಯೇ ಇರುವುದರಿಂದ ಆ ಪ್ರಶ್ನೆ ಸರ್ಕಾರದ ಮುಂದೆ ಬಂದಿಲ್ಲ. ಹಾಗಾಗಿ ತೀರ್ಮಾನ ನಮ್ಮ ಕೈಯಲ್ಲಿದೆ.

ಈಗ ಆದಾಯ ತೆರಿಗೆ ಕಟ್ಟುವವರು ಯಾರು? 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಬೀಳುವುದಿಲ್ಲ, ಸಂಬಳದವರಿಗೆ 12.75 ಲಕ್ಷ. ಕೃಷಿ ಆದಾಯಕ್ಕೂ ಇಲ್ಲ. ಹಾಗಿದ್ದ ಮೇಲೆ ಕಡೂರಿನಲ್ಲೋ ತರೀಕೆರೆಯಲ್ಲೋ ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವವರು ಹೆಚ್ಚಾಗಿ ತಿಂಗಳಿಗೆ ಲಕ್ಷ ದಾಟಿ ಗಳಿಸುವವರು. ಊರಿನಲ್ಲಿ ಅಂಥವರು ಎಷ್ಟು ಮನೆ ಇದ್ದಾವು? ಅಂತರಘಟ್ಟೆ ಜಾತ್ರೆಗೆ ಪಾನಕದ ಗಾಡಿ ಕಟ್ಟಿಕೊಂಡು ಹೋಗುವ ರೈತ ದಾರಿಯಲ್ಲಿ ಬಂದವರಿಗೆಲ್ಲ ಪಾನಕ ಹಂಚುತ್ತಾನೆ. ಬೆಲ್ಲ ಅವನದು, ಎತ್ತು ಅವನದು, ದುಡಿಮೆ ಅವನದು. ಹಂಚಿದ ಲೋಟಕ್ಕೆ ಇಷ್ಟು ವಾಪಸ್ಸು ಬರಬೇಕೆಂದು ಅವನು ಯಾರನ್ನೂ ಕೇಳಿದ್ದಿಲ್ಲ. ಅವನಿಗಿಂತ ಹತ್ತು ಪಟ್ಟು ಗಳಿಸುವ ನಾವು ಊರಿಗೆ ಕೊಡಬೇಕಾದ್ದನ್ನು ಕೊಡುವಾಗ ಕೈ ಹಿಡಿದು ಚೌಕಾಸಿ ಮಾಡುತ್ತಿದ್ದೇವೆ.

"ನಾವು ಕಟ್ಟಿದ ತೆರಿಗೆಯಿಂದ ನಮಗೇನು ಬಂತು?" ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಜಿಲ್ಲಾ ಕೇಂದ್ರ ಅಷ್ಟು ವರ್ಷ ರೈಲಿಲ್ಲದೆ ಕಾದಿತ್ತು. ಆ ಹಳಿ ಸಾರ್ವಜನಿಕ ಹಣದ್ದು. ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಕೇಂದ್ರದ ಪಾಲಿದೆ, ರಾಜ್ಯದ ಪಾಲಿದೆ. ನೀವು ಕಟ್ಟಿದ ಆದಾಯ ತೆರಿಗೆ ದೆಹಲಿಗೆ ಹೋಗಿ, ಹಂಚಿಕೆಯಾಗುವ ತೆರಿಗೆಗಳ 41% ರಾಜ್ಯಗಳಿಗೆ ಬರುತ್ತದೆ ಎಂಬುದು 15ನೇ ಹಣಕಾಸು ಆಯೋಗದ ಸೂತ್ರ. 2021-26ರ ಅವಧಿಗೆ ಅದರಲ್ಲಿ ಕರ್ನಾಟಕದ ಪಾಲು 3.647% ಇತ್ತು, ಅದಕ್ಕೂ ಹಿಂದಿನ ಆಯೋಗದಲ್ಲಿ 4.713% ಇತ್ತು. ಈ ಇಳಿಕೆ ಅನ್ಯಾಯ ಎಂದು ನಾನೂ ನಂಬುತ್ತೇನೆ. 2024ರ ಫೆಬ್ರುವರಿ 7ರಂದು ನಮ್ಮ ರಾಜ್ಯ ಸರ್ಕಾರವೇ ದೆಹಲಿಯ ಜಂತರ್ ಮಂತರಿನಲ್ಲಿ ಕೂತು 'ನಮ್ಮ ತೆರಿಗೆ ನಮ್ಮ ಹಕ್ಕು' ಎಂದಾಗ ನಮ್ಮ ಮೂರೂ ತಾಲ್ಲೂಕಿನಲ್ಲಿ ತಲೆಯಾಡಿಸದವರು ಕಡಿಮೆ.

ನಮಗೆ ತಲೆಯಾಡಿಸಲು ಕಾರಣ ಬೇರೆಯವರಿಗಿಂತ ಹೆಚ್ಚೇ ಇತ್ತು. ಭದ್ರಾ ಮೇಲ್ದಂಡೆಯ ನೀರು ಹೋಗುವುದು ಅಜ್ಜಂಪುರದ ಬಳಿಯ ಸುರಂಗದೊಳಗೆ. ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ, ಭದ್ರೆಯಿಂದ 29.9 ಟಿಎಂಸಿ ಎತ್ತಿ ಸುಮಾರು 7 ಕಿಲೋಮೀಟರಿನ ಆ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರಿನ ಕಡೆಗೆ ಹರಿಸುವ ಯೋಜನೆ. ಚಿಕ್ಕಮಗಳೂರು ಸೇರಿ ನಾಲ್ಕು ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್ ಅದನ್ನು ಕಾಯುತ್ತಿದೆ. 2023-24ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ಘೋಷಣೆಯಾಯಿತು. ಕೊಟ್ಟ ಮಾತಿನಂತೆ ಹಣ ಬರಲಿಲ್ಲ ಎಂದು ರಾಜ್ಯ ಕೇಳುತ್ತಲೇ ಬಂತು. ಅದೇ 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದರು. ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು. ಸಖರಾಯಪಟ್ಟಣದ ಅಯ್ಯನಕೆರೆಯನ್ನು ನೋಡಿದವರಿಗೆ ಒಂದು ಮಾತು ಗೊತ್ತಿರುತ್ತದೆ. ಈ ಬಯಲಿನಲ್ಲಿ ನೀರನ್ನು ಯಾವ ಕಾಲಕ್ಕೂ ಒಬ್ಬಂಟಿಯಾಗಿ ಯಾರೂ ತಂದುಕೊಂಡಿಲ್ಲ. ಕೆರೆಯ ಉಸ್ತುವಾರಿಗೆಂದು ಬಿತ್ತುವಟ್ಟದ ಭೂಮಿ ಬಿಟ್ಟುಕೊಟ್ಟ ಶಾಸನಗಳು ಕರ್ನಾಟಕದ ಉದ್ದಕ್ಕೂ ಇವೆ. ಎಲ್ಲರೂ ಕೂಡಿಹಾಕಿದ್ದರಿಂದಲೇ ಕೆರೆಯಾಯಿತು, ಸುರಂಗವೂ ಹಾಗೆಯೇ ಆಗಬೇಕು.

ದೆಹಲಿ ಕೊಡುವುದಿಲ್ಲ, ಆದ್ದರಿಂದ ನನ್ನ ಪಾಯಿಂಟು ನನಗಿರಲಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಾಯಿಂಟು ದೆಹಲಿಯಿಂದ ಬರುವುದಿಲ್ಲ, ಕಾರ್ಡಿನ ಕಂಪನಿಯಿಂದ ಬರುತ್ತದೆ. ನಿಮ್ಮ ಶುಲ್ಕ ಹೋಗುವುದೂ ಭದ್ರಾ ಮೇಲ್ದಂಡೆಗಲ್ಲ. ಕೇಂದ್ರದ ಮೇಲೆ ಸಿಟ್ಟಿದ್ದರೆ ಸಂಸದರನ್ನು ನಿಲ್ಲಿಸಿ ಕೇಳಿ, ಸುರಂಗದ ಬಾಯಲ್ಲಿ ಧರಣಿ ಕೂರಿ, ನಾನೂ ಬರುತ್ತೇನೆ. ಹಾಗೆ ಕೇಳಲು ನಿಂತವರ ಕೈ ಶುದ್ಧವಾಗಿರಬೇಕು. ನಮ್ಮ ತೆರಿಗೆ ನಮ್ಮ ಹಕ್ಕು ಎಂದು ಕೂಗಿದ ಬಾಯಿ, ನಮ್ಮ ತೆರಿಗೆ ನನ್ನ ಏರ್‌ಪೋರ್ಟ್ ಲಾಂಜು ಎಂದರೆ ಕೇಳುವವರು ಯಾರು?

2025ರ ಜುಲೈ ನಿಮಗೆ ನೆನಪಿರಬೇಕು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಬೇಕರಿ, ಟೀ ಅಂಗಡಿ, ಕಾಂಡಿಮೆಂಟ್ಸ್ ನಡೆಸುವವರು ಹೆದರಿ ಕ್ಯೂಆರ್ ಕೋಡು ಕಿತ್ತು 'ನಗದು ಮಾತ್ರ' ಎಂದು ಚೀಟಿ ಅಂಟಿಸಿದರು. ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬ ಗೆರೆಯೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಾತುಕತೆಗೆ ಕೂರಬೇಕಾಯಿತು. ತೆರಿಗೆ ಎಂದರೆ ಸಣ್ಣವರಿಗೆ ಭಯ. ನಿಯಮ ಪೂರ್ತಿ ಬಲ್ಲ ದೊಡ್ಡವರಿಗೆ ಅದೇ ತೆರಿಗೆ ಬಹುಮಾನದ ಯೋಜನೆಯಾದರೆ, ಅಂಗಡಿ ಮುಂದಿನ ಆ ಚೀಟಿ ತೆಗೆಯಿರಿ ಎಂದು ಆ ಟೀ ಅಂಗಡಿಯವರಿಗೆ ಯಾವ ಮುಖದಲ್ಲಿ ಹೇಳುವುದು?

ಕೈಯಲ್ಲಿ ಹಣವಿಲ್ಲದೆ ಕಾರ್ಡಿಗೆ ಕೈ ಹಾಕುವವರೂ ಇದ್ದಾರೆ. ಮಂಡಿಯಿಂದ ಪೇಮೆಂಟ್ ಬಂದಿಲ್ಲ, ಗುತ್ತಿಗೆ ಬಿಲ್ಲು ಕಚೇರಿಯಲ್ಲಿ ಕೂತಿದೆ, ಮಾರ್ಚ್ 15 ಬಂದುಬಿಟ್ಟಿದೆ. ಅವರ ಮೇಲೆ ನನಗೆ ಆಕ್ಷೇಪವಿಲ್ಲ. ಅವರಿಗೆ ಒಂದೇ ಎಚ್ಚರಿಕೆ. ಬಿಲ್ಲಿನ ತಾರೀಕಿಗೆ ಪೂರ್ತಿ ಹಣ ಬರುವುದು ಖಚಿತವಿಲ್ಲದಿದ್ದರೆ ಕಾರ್ಡು ಮುಟ್ಟಬೇಡಿ. ಅಡ್ವಾನ್ಸ್ ಟ್ಯಾಕ್ಸ್ ತಡವಾದರೆ ಸರ್ಕಾರ ಹಾಕುವ ಬಡ್ಡಿ ತಿಂಗಳಿಗೆ 1%. ಕಾರ್ಡಿನ ಬಾಕಿ ಮುಂದೆ ಹೋದರೆ ಒಂದು ಲಕ್ಷಕ್ಕೆ ತಿಂಗಳಿಗೆ 3,500, ಅದರ ಮೇಲೆ ಜಿಎಸ್‌ಟಿ 630. ಸಾವಿರ ಕೊಡುವುದನ್ನು ತಪ್ಪಿಸಲು ಹೋಗಿ ನಾಲ್ಕು ಸಾವಿರ ಕೊಟ್ಟಂತಾಗುತ್ತದೆ.

ಆಡಿಟರ್‌ಗಳೇ, ನಮ್ಮ ಊರುಗಳಲ್ಲಿ ತೆರಿಗೆಯ ವಿಷಯಕ್ಕೆ ನಿಮ್ಮ ಮಾತೇ ಕೊನೆಯ ಮಾತು. ವೈದ್ಯರ ಮಾತು ನಂಬಿದಂತೆ ನಿಮ್ಮ ಮಾತು ನಂಬುತ್ತಾರೆ. ಹೆಚ್ಚು ಕಟ್ಟಿ ರಿಫಂಡ್ ತೆಗೆಸಿಕೊಡಿ ಎಂದು ಕೇಳಿದ ಕಕ್ಷಿದಾರರಿಗೆ ಆಗುವುದಿಲ್ಲ ಎನ್ನಿ. ನಿಮ್ಮ ಕಾರ್ಡಿನಲ್ಲಿ ಕಕ್ಷಿದಾರರ ತೆರಿಗೆ ಕಟ್ಟಬೇಡಿ. ಕಾರ್ಡಿನ ಶುಲ್ಕ ಎಷ್ಟು, ಖಾತೆಯಿಂದ ಕಟ್ಟಿದರೆ ಎಷ್ಟು ಉಳಿಯುತ್ತದೆ ಎಂದು ಒಂದು ಕಾಗದದಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿ. ತೆರಿಗೆ ಕಟ್ಟಲು ಯುಪಿಐ ಮಿತಿಯನ್ನು 2024ರಲ್ಲೇ ಒಂದು ಪಾವತಿಗೆ 5 ಲಕ್ಷಕ್ಕೆ ಏರಿಸಿದ್ದಾರೆ. ನಮ್ಮ ತಾಲ್ಲೂಕುಗಳ ಹೆಚ್ಚಿನವರ ಕಂತು ಅದರೊಳಗೆ ಮುಗಿಯುತ್ತದೆ.

ಬೆಂಗಳೂರಿನ ಮಕ್ಕಳೇ, ಈ ವಿದ್ಯೆಯನ್ನು ಅಪ್ಪನಿಗೆ ಕಲಿಸಿದವರು ಹೆಚ್ಚಾಗಿ ನೀವೇ. ಅಪ್ಪನ ಮೊಬೈಲಿನಲ್ಲಿ ಕಾರ್ಡಿನ ಆ್ಯಪ್ ಹಾಕಿಕೊಟ್ಟವರು ನೀವು, ತೆಗೆಯಬೇಕಾದವರೂ ನೀವೇ. ಮುಂದಿನ ಸಲ ಊರಿಗೆ ಬಂದಾಗ ಅಪ್ಪನ ಜೊತೆ ಕೂತು, ಅವರ ಬ್ಯಾಂಕ್ ಖಾತೆಯ ನೆಟ್ ಬ್ಯಾಂಕಿಂಗ್ ತೆರೆದು, ಚಲನ್ ಹಾಕುವುದು ಹೇಗೆಂದು ಅವರ ಕೈಯಲ್ಲೇ ಮಾಡಿಸಿ. ಈ ವರ್ಷ ಹೆಚ್ಚುವರಿ ಕಟ್ಟಿದ್ದರೆ, ಬರುವ ರಿಫಂಡಿನ ಬಡ್ಡಿಯನ್ನು ಲೆಕ್ಕ ಹಾಕಿ ತೆಗೆದಿಡಿ. ನೀವು ಓದಿದ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯವರನ್ನು ಕಂಡು, ಏನು ಬೇಕಿದೆ ಎಂದು ಕೇಳಿ, ಆ ಹಣವನ್ನು ಅಲ್ಲಿ ಕೊಡಿ. ಬರುವ ಕಂತು ಖಾತೆಯಿಂದ ಕಟ್ಟಿ. ಎಷ್ಟು ಬಾಕಿಯೋ ಅಷ್ಟೇ ಕಟ್ಟಿ.